ತಲೆಕೆಳಗಾಗಿ ಹುಟ್ಟುವ ಹಡಗು

ಪಣಂಬೂರಿನ ನವಮಂಗಳೂರು ಬಂದರು ಪ್ರಕೃತಿ ಕೊಟ್ಟ ಕೊಲ್ಲಿಯಲ್ಲ. ನೆಲ ಅಗೆದು, ಹೂಳೆತ್ತಿ, ಕಡಲನ್ನು ಒಳಗೆ ಕರೆದುಕೊಂಡು ಮಾಡಿದ ಕೊಳ. ಇನ್ನೂರು ಮೀಟರ್ ಉದ್ದದ ಹಡಗು ಅದರೊಳಗೆ ಬಂದಾಗ ಒಂದು ಫಜೀತಿ ಶುರುವಾಗುತ್ತದೆ. ಚುಕ್ಕಾಣಿಗೆ ಬಲ ಬರುವುದು ಅದರ ಮೈಮೇಲೆ ನೀರು ರಭಸದಿಂದ ಹರಿದಾಗ. ಬಂದರಿನೊಳಗೆ ವೇಗ ಇಳಿಸಿದ ಹಡಗಿಗೆ ಚುಕ್ಕಾಣಿ ಇದ್ದೂ ಇಲ್ಲದಂತೆ. ನಿಲ್ಲಿಸಲು ಬ್ರೇಕಿಲ್ಲ, ಪಕ್ಕಕ್ಕೆ ಸರಿಯಲು ಚಕ್ರವಿಲ್ಲ. ಆಗ ಎರಡು ಮೂರು ಗಿಡ್ಡ ದೋಣಿಗಳು ಬಂದು ಅದರ ಪಕ್ಕೆಗೆ ಮೂಗು ಒತ್ತಿ, ಹಗ್ಗ ಹಾಕಿ ಎಳೆದು, ತಿರುಗಿಸಿ, ದಕ್ಕೆಗೆ ತಂದು ನಿಲ್ಲಿಸುತ್ತವೆ. ದೊಡ್ಡ ಹಡಗಿನ ಚಿತ್ರ ತೆಗೆಯುವವರು ಇವನ್ನು ಚೌಕಟ್ಟಿನಿಂದ ಹೊರಗಿಡುತ್ತಾರೆ. ಇವುಗಳ ಹೆಸರು ಟಗ್.

ಇಂಥ ಟಗ್‌ಗಳನ್ನು ಕಟ್ಟುವ ಒಂದು ಕಂಪನಿ ಪಣಂಬೂರಿನಿಂದ ಉತ್ತರಕ್ಕೆ ಎರಡು ಗಂಟೆ ದಾರಿಯೊಳಗೇ ಇದೆ. ಮಲ್ಪೆ ಬಂದರಿನ ಆವರಣದಲ್ಲಿರುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಅದು. ಹಂಗಾರಕಟ್ಟೆಯಲ್ಲೂ ಅದರ ಜಾಗವಿದೆ. ಹಳಬರ ಬಾಯಲ್ಲಿ ಇನ್ನೂ ‘ಟೆಬ್ಮಾ’. ಮೊದಲು ಇದು ಟೆಬ್ಮಾ ಶಿಪ್‌ಯಾರ್ಡ್ ಎಂಬ ಖಾಸಗಿ ಕಂಪನಿ. ಸಾಲದಲ್ಲಿ ಮುಳುಗಿ ದಿವಾಳಿ ಪ್ರಕ್ರಿಯೆಗೆ ಹೋದಾಗ 2020ರಲ್ಲಿ ಕೇಂದ್ರ ಸರ್ಕಾರದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಕೊಂಡಿತು. 2022ರಲ್ಲಿ ಹೆಸರು ಬದಲಾಯಿತು. ಮೀನಿನ ಬುಟ್ಟಿ, ಮಂಜುಗಡ್ಡೆಯ ಲಾರಿ, ಬಲೆ ಹೆಣೆಯುವವರ ಸಾಲು ಇವುಗಳ ಮಗ್ಗುಲಲ್ಲೇ ನಾರ್ವೆಗೆ ಹೋಗುವ ಹಡಗಿನ ಉಕ್ಕು ಕತ್ತರಿಸುತ್ತಾರೆಂಬುದು ಮಲ್ಪೆ ಬೀಚಿಗೆ ಬಂದು ಹೋಗುವ ಎಷ್ಟೋ ಜನರಿಗೆ ಗೊತ್ತಿಲ್ಲ.

ತಾಯಿ ಕಂಪನಿಯ ಅಳತೆ ಬೇರೆಯೇ. 1972ರಲ್ಲಿ ಶುರುವಾಗಿ, ಜಪಾನಿನ ಮಿತ್ಸುಬಿಷಿಯಿಂದ ಕೆಲಸ ಕಲಿತು, 1981ರಲ್ಲಿ ‘ರಾಣಿ ಪದ್ಮಿನಿ’ ಎಂಬ ಮೊದಲ ಹಡಗನ್ನು ಒಪ್ಪಿಸಿದ ಕೊಚ್ಚಿಯ ಯಾರ್ಡ್ ಅದು. 2022ರ ಸೆಪ್ಟೆಂಬರ್ 2ರಂದು ನೌಕಾಪಡೆ ಸೇರಿದ, 262 ಮೀಟರ್ ಉದ್ದದ ವಿಮಾನವಾಹಕ ನೌಕೆ ವಿಕ್ರಾಂತ್ ಅಲ್ಲಿಯದ್ದು. ಕೊಚ್ಚಿ ವಾಟರ್ ಮೆಟ್ರೋದ ವಿದ್ಯುತ್ ದೋಣಿಗಳೂ ಅಲ್ಲಿಯವೇ. ವಿಕ್ರಾಂತ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಹಡಗು ಕಟ್ಟುವುದು ಹೇಗೆಂದು ತಿಳಿಯಬೇಕಾದವರಿಗೆ ನಾನು ತೋರಿಸುವುದು ಟಗ್ಗನ್ನೇ. ದೊಡ್ಡ ಹಡಗಿನಲ್ಲಿರುವ ಎಲ್ಲ ಕಷ್ಟವೂ ಅದರಲ್ಲಿದೆ, ಜಾಗ ಮಾತ್ರ ಹತ್ತರಲ್ಲೊಂದು ಪಾಲು.

ಕೆಲಸ ಶುರುವಾಗುವುದು ಉಕ್ಕಿನ ಹಾಳೆಯಿಂದ. 12 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ಒಂದು ಹಾಳೆ ಸುಮಾರು 2,350 ಕಿಲೋ ತೂಗುತ್ತದೆ. ಹಡಗಿಗೆ ಬಳಸುವ ಉಕ್ಕು ಮನೆ ಗೇಟಿನ ಉಕ್ಕಲ್ಲ. ಪ್ರತಿ ಹಾಳೆಯ ಮೇಲೂ ಅದು ಯಾವ ಕುಲುಮೆಯ ಯಾವ ಪಾಕದಿಂದ ಬಂತೆಂಬ ಸಂಖ್ಯೆ ಒತ್ತಿರಬೇಕು, ಜೊತೆಗೆ ಪ್ರಮಾಣಪತ್ರ ಬರಬೇಕು. ಹಾಳೆಯ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಚಿಮ್ಮಿಸಿ ತುಕ್ಕು ಕಿತ್ತು, ಕೂಡಲೇ ಪ್ರೈಮರ್ ಬಳಿಯುತ್ತಾರೆ. ಕರಾವಳಿಯ ಗಾಳಿಯಲ್ಲಿ ಬರಿ ಉಕ್ಕನ್ನು ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪು ಪುಡಿ ಕೂತಿರುತ್ತದೆ.

ಆಮೇಲೆ ಕತ್ತರಿಸುವುದು. ದರ್ಜಿ ಬಟ್ಟೆಯ ಮೇಲೆ ತೋಳು, ಕಾಲರು, ಜೇಬು ಎಲ್ಲವನ್ನೂ ಚೂರು ವ್ಯರ್ಥವಾಗದಂತೆ ಗುರುತು ಹಾಕುವ ಹಾಗೆ, ಕಂಪ್ಯೂಟರ್ ಒಂದು ಹಾಳೆಯಲ್ಲಿ ಹತ್ತಾರು ತುಂಡುಗಳನ್ನು ಜೋಡಿಸಿಕೊಡುತ್ತದೆ. ಪ್ಲಾಸ್ಮಾ ಕಟ್ಟರ್ ಅದೇ ಗೆರೆಯಲ್ಲಿ ಓಡುತ್ತದೆ. ಪ್ರತಿ ತುಂಡಿಗೂ ಒಂದು ಸಂಖ್ಯೆ: ಯಾವ ಬ್ಲಾಕ್ (ಹಡಗಿನ ಹೋಳು), ಎಷ್ಟನೇ ಪಕ್ಕೆಲುಬು (ಅಡ್ಡ ಚೌಕಟ್ಟು), ಎಡವೋ ಬಲವೋ. ಈ ಸಂಖ್ಯೆ ಅಳಿಸಿಹೋದರೆ ತುಂಡು ಅನಾಥ. ಒಂದೇ ನೋಟದಲ್ಲಿ ಅವಳಿಯಂತೆ ಕಾಣುವ ಎಡ-ಬಲದ ತುಂಡುಗಳು ಅದಲುಬದಲಾದರೆ ಗೊತ್ತಾಗುವುದು ವೆಲ್ಡಿಂಗ್ ಮುಗಿದ ಮೇಲೆ.

ಟಗ್ಗಿನ ಮೂತಿ, ಪೃಷ್ಠ ಎರಡೂ ದುಂಡಗೆ. ಚಪ್ಪಟೆ ಹಾಳೆಯನ್ನು ಒಂದು ದಿಕ್ಕಿಗೆ ಬಾಗಿಸಲು ರೋಲರ್ ಸಾಕು. ಮಡಕೆಯ ಹೊಟ್ಟೆಯ ಹಾಗೆ ಎರಡೂ ದಿಕ್ಕಿಗೆ ಬಾಗಬೇಕಾದ ಕಡೆ ಯಂತ್ರಕ್ಕಿಂತ ಕೈಯೇ ಮೇಲು. ಕೆಲಸಗಾರ ಗ್ಯಾಸ್ ಟಾರ್ಚಿನಿಂದ ಹಾಳೆಯ ಮೇಲೆ ಒಂದು ಗೆರೆ ಕಾಯಿಸುತ್ತ ಹೋಗುತ್ತಾನೆ, ಹಿಂದೆಯೇ ನೀರು ಬಿಡುತ್ತಾನೆ. ಕಾದ ಭಾಗ ಹಿಗ್ಗಬೇಕು, ಸುತ್ತಲಿನ ತಣ್ಣನೆಯ ಉಕ್ಕು ಬಿಡುವುದಿಲ್ಲ. ಹಿಗ್ಗಲಾರದೆ ಅದು ತನ್ನೊಳಗೇ ಅದುಮಿಕೊಳ್ಳುತ್ತದೆ. ತಣಿದಾಗ ಮೊದಲಿಗಿಂತ ಚಿಕ್ಕದಾಗಿರುತ್ತದೆ. ಹಾಳೆ ಆ ಕಡೆಗೆ ಬಾಗುತ್ತದೆ. ಸುತ್ತಿಗೆ ಪೆಟ್ಟೇ ಇಲ್ಲ. ಮರದ ಅಚ್ಚನ್ನು ಇಟ್ಟು ನೋಡುವುದು, ಸಂದಿಯಲ್ಲಿ ಬೆಳಕು ಕಂಡರೆ ಇನ್ನೊಂದು ಗೆರೆ ಕಾಯಿಸುವುದು. ಗೆರೆ ಎಲ್ಲಿ ಎಳೆಯಬೇಕೆಂಬುದು ವರ್ಷಗಟ್ಟಲೆ ಕೈಗೆ ಕೂತ ವಿದ್ಯೆ. ಯಾರ್ಡಿನಲ್ಲಿ ಒಳ್ಳೆಯ ಕೈಯವನನ್ನು ಕಳೆದುಕೊಂಡರೆ ಹೊಸ ಯಂತ್ರ ತಂದು ಆ ಜಾಗ ತುಂಬಲು ಆಗುವುದಿಲ್ಲ.

ಹಡಗನ್ನು ಬುಡದಿಂದ ಮೇಲಕ್ಕೆ ಮನೆ ಕಟ್ಟಿದ ಹಾಗೆ ಕಟ್ಟುತ್ತಾರೆಂದು ನಾವು ಅಂದುಕೊಳ್ಳುತ್ತೇವೆ. ಮರದ ಹಡಗುಗಳಾದ ಮಂಜಿ, ಉರುಗಳನ್ನು ಹಾಗೇ ಕಟ್ಟುತ್ತಿದ್ದರು. ಈಗ ಹಡಗನ್ನು ಬ್ಲಾಕ್‌ಗಳಾಗಿ ಹೋಳು ಮಾಡಿಕೊಂಡು, ಒಂದೊಂದನ್ನೂ ಬೇರೆ ಬೇರೆ ಕಡೆ ತಯಾರಿಸಿ, ಕೊನೆಗೆ ಬೆಸೆಯುತ್ತಾರೆ. ಅನೇಕ ಬ್ಲಾಕ್‌ಗಳು ಹುಟ್ಟುವುದು ತಲೆಕೆಳಗಾಗಿ. ಡೆಕ್ಕಿನ ಹಾಳೆಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಪಕ್ಕೆಲುಬುಗಳನ್ನು ನಿಲ್ಲಿಸಿ, ಹಡಗಿನ ತಳವನ್ನು ಮುಚ್ಚಳದಂತೆ ಕೊನೆಗೆ ಹಾಕುವುದು. ಕಾರಣ ವೆಲ್ಡಿಂಗ್. ಕರಗಿದ ಲೋಹ ಕೆಳಗೆ ಹರಿಯುತ್ತದೆ. ಕೆಳಗೆ ನೋಡುತ್ತ ವೆಲ್ಡ್ ಮಾಡಿದರೆ ಬೆಸುಗೆ ತಾನಾಗಿ ಸಂದಿ ತುಂಬುತ್ತದೆ. ತಲೆ ಎತ್ತಿ ಮಾಡಿದರೆ ಕಿಡಿ ಕುತ್ತಿಗೆಯೊಳಗೆ ಬೀಳುತ್ತದೆ, ಬೆಸುಗೆ ಕೆಡುವ ಸಾಧ್ಯತೆ ಹೆಚ್ಚು, ಸಮಯವೂ ಹೆಚ್ಚು. ಹಾಗಾಗಿ ಮನುಷ್ಯ ತಲೆಕೆಳಗಾಗುವ ಬದಲು ಹಡಗನ್ನೇ ತಲೆಕೆಳಗು ಮಾಡುತ್ತಾರೆ. ಮುಗಿದ ಮೇಲೆ ಕ್ರೇನ್‌ಗಳು ಬ್ಲಾಕನ್ನು ಎತ್ತಿ ಗಾಳಿಯಲ್ಲೇ ಮಗುಚುತ್ತವೆ. ಹತ್ತಾರು ಟನ್ನಿನ ಉಕ್ಕು ದೋಸೆಯಂತೆ ಮಗುಚಿಕೊಳ್ಳುವ ಆ ಕೆಲವು ನಿಮಿಷ ಯಾರ್ಡಿನಲ್ಲಿ ಯಾರೂ ಅದರ ಕೆಳಗೆ ಸುಳಿಯುವಂತಿಲ್ಲ.

ಬೆಸುಗೆ ತಣಿಯುವಾಗ ಕುಗ್ಗುತ್ತದೆ. ಒಂದು ಬೆಸುಗೆಯದ್ದು ಕೂದಲೆಳೆಯಷ್ಟಾದರೂ ಸಾವಿರ ಬೆಸುಗೆ ಸೇರಿದರೆ ಹಡಗು ನಕ್ಷೆಗಿಂತ ಗಿಡ್ಡವಾಗುತ್ತದೆ, ಡೆಕ್ಕು ಡೊಂಕಾಗುತ್ತದೆ. ಹೀಗಾಗಿ ಕತ್ತರಿಸುವಾಗಲೇ ಅಷ್ಟು ಹೆಚ್ಚು ಬಿಟ್ಟಿರುತ್ತಾರೆ. ವೆಲ್ಡಿಂಗನ್ನೂ ಒಂದು ತುದಿಯಿಂದ ಎಳೆದುಕೊಂಡು ಹೋಗುವುದಿಲ್ಲ. ನಡುವಿನಿಂದ ಹೊರಕ್ಕೆ, ಎಡಕ್ಕಿಷ್ಟು ಬಲಕ್ಕಿಷ್ಟು, ರಂಗೋಲಿ ಹಾಕುವವರ ಲೆಕ್ಕಾಚಾರದಲ್ಲಿ ಸಾಗುತ್ತದೆ.

ಈ ಎಲ್ಲದರ ನಡುವೆ ಓಡಾಡುವ ಒಬ್ಬ ವ್ಯಕ್ತಿ ಯಾರ್ಡಿನವನೂ ಅಲ್ಲ, ಹಡಗು ಕೊಳ್ಳುವವನ ಕಡೆಯವನೂ ಅಲ್ಲ: ಸರ್ವೇಯರ್. ಹಡಗು ನಿಯಮಕ್ಕೆ ತಕ್ಕಂತಿದೆಯೇ ಎಂದು ನೋಡುವ, ಭಾರತದ ಐಆರ್‌ಎಸ್ (ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್), ನಾರ್ವೆ ಮೂಲದ ಡಿಎನ್‌ವಿಯಂಥ ವರ್ಗೀಕರಣ ಸಂಸ್ಥೆಗಳು ಇವರನ್ನು ಕಳಿಸುತ್ತವೆ. ಇವರ ಸಹಿ ಇಲ್ಲದ ಹಡಗಿಗೆ ವಿಮೆ ಸಿಗದು, ವಿಮೆ ಇಲ್ಲದ್ದಕ್ಕೆ ಬಂದರಿನಲ್ಲಿ ಜಾಗವಿಲ್ಲ. ಬೆಸುಗೆಯನ್ನು ಎಕ್ಸ್‌ರೇಯಲ್ಲಿ, ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ನನಗೆ ಇಷ್ಟವಾದದ್ದು ಮಾತ್ರ ಬಡವರ ಪರೀಕ್ಷೆ. ಬೆಸುಗೆಯ ಒಂದು ಬದಿಗೆ ಸೀಮೆಸುಣ್ಣದ ನೀರು ಬಳಿದು ಒಣಗಿಸುವುದು, ಇನ್ನೊಂದು ಬದಿಗೆ ಸೀಮೆಎಣ್ಣೆ ಹಚ್ಚುವುದು. ಕಣ್ಣಿಗೆ ಕಾಣದ ರಂಧ್ರವಿದ್ದರೂ ಸೀಮೆಎಣ್ಣೆ ಅದರೊಳಗೆ ಹೊಕ್ಕು ಸ್ವಲ್ಪ ಹೊತ್ತಿನಲ್ಲಿ ಬಿಳಿ ಸುಣ್ಣದ ಮೇಲೆ ಕಪ್ಪು ಚುಕ್ಕೆಯಾಗಿ ಮೂಡುತ್ತದೆ. ಟ್ಯಾಂಕುಗಳಿಗೆ ಗಾಳಿ ತುಂಬಿ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುವುದೂ ಉಂಟು. ಸೈಕಲ್ ಪಂಕ್ಚರ್ ಅಂಗಡಿಯವನು ಟ್ಯೂಬನ್ನು ಬೋಗುಣಿಯಲ್ಲಿ ಅದ್ದುವುದೂ ಇದೇ ವಿದ್ಯೆಯೇ.

ಮೊದಲ ಬ್ಲಾಕನ್ನು ಅದರ ಜಾಗದಲ್ಲಿ ಕೂರಿಸುವುದಕ್ಕೆ ‘ಕೀಲ್ ಲೇಯಿಂಗ್’ ಎನ್ನುತ್ತಾರೆ. ಪೂಜೆ, ತೆಂಗಿನಕಾಯಿ ನಮ್ಮ ಕಡೆಯದ್ದು. ಕೀಲಿನಡಿ, ಅಂದರೆ ಹಡಗಿನ ತಳದ ಬೆನ್ನೆಲುಬಿನಡಿ, ನಾಣ್ಯ ಇಡುವುದು ಹಲವು ದೇಶಗಳಲ್ಲಿದೆ. ಶಾಸ್ತ್ರವೆಂದು ಕಂಡರೂ ಆ ದಿನಾಂಕ ಕಾನೂನಿನ ಕಡತದಲ್ಲಿ ಬಹಳ ತೂಕದ್ದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ 50 ಟನ್ ಅಥವಾ ಇಡೀ ಹಡಗಿನ ರಚನೆಯ ಉಕ್ಕಿನ ನೂರಕ್ಕೆ ಒಂದು ಪಾಲು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜೋಡಣೆಯಾದ ಘಟ್ಟವನ್ನು ಕೀಲ್ ಇಟ್ಟದ್ದಕ್ಕೆ ಸಮ ಎಂದು ಲೆಕ್ಕ ಹಿಡಿಯುತ್ತಾರೆ. ಯಾವ ವರ್ಷದ ನಿಯಮ ಈ ಹಡಗಿಗೆ ಅನ್ವಯ ಎಂಬುದು ಅದರ ಮೇಲೆ ನಿಂತಿದೆ. ಉದಾಹರಣೆಗೆ 2021ರ ಜನವರಿ 1ರಿಂದೀಚೆಗೆ ಕೀಲ್ ಇಟ್ಟ ಹಡಗು ಉತ್ತರ ಸಮುದ್ರ, ಬಾಲ್ಟಿಕ್ ಸಮುದ್ರಗಳಲ್ಲಿ ಓಡಬೇಕಾದರೆ ಎಂಜಿನ್ ಉಗುಳುವ ನೈಟ್ರೋಜನ್ ಆಕ್ಸೈಡುಗಳ ಮೇಲೆ ಬಿಗಿ ಮಿತಿ ಇದೆ. ಅದಕ್ಕೆ ಮುಂಚಿನದ್ದಕ್ಕೆ ಆ ಕಡಲುಗಳಲ್ಲಿ ಅಷ್ಟು ಬಿಗಿಯಿಲ್ಲ. ಜಾತಕಕ್ಕೆ ಜನ್ಮ ಸಮಯ ಇದ್ದ ಹಾಗೆ.

ನೀರಿಗಿಳಿಸುವ ದಿನದ ಸಂಭ್ರಮವನ್ನು ಟಿವಿಯಲ್ಲಿ ನೋಡಿರುತ್ತೀರಿ. ವಿಧಾನ ಯಾರ್ಡಿಂದ ಯಾರ್ಡಿಗೆ ಬೇರೆ. ಕೊಚ್ಚಿಯಂಥ ದೊಡ್ಡ ಕಡೆ ಡ್ರೈ ಡಾಕ್ ಇರುತ್ತದೆ: ಒಣ ಹೊಂಡದಲ್ಲಿ ಹಡಗು ಕಟ್ಟಿ, ಗೇಟು ತೆರೆದು ನೀರು ಬಿಟ್ಟರೆ ಅದು ಇದ್ದಲ್ಲೇ ತೇಲುತ್ತದೆ. 2024ರ ಜನವರಿಯಲ್ಲಿ ಅಲ್ಲಿ ಉದ್ಘಾಟನೆಯಾದ ಹೊಸ ಡ್ರೈ ಡಾಕ್ 310 ಮೀಟರ್ ಉದ್ದ. ಇಳಿಜಾರಿನ ಸ್ಲಿಪ್‌ವೇಯಿಂದ ಜಾರಿಸುವುದು ಹಳೆಯ ಪದ್ಧತಿ. ಚಿಕ್ಕ ಯಾರ್ಡುಗಳಿಗೆ ಅಗ್ಗವಾದದ್ದು ಗಾಳಿಚೀಲ: ಸಿಲಿಂಡರಿನಾಕಾರದ ಭಾರಿ ರಬ್ಬರ್ ಚೀಲಗಳನ್ನು ಹಡಗಿನಡಿ ಸಾಲಾಗಿ ತೂರಿಸಿ, ಗಾಳಿ ತುಂಬಿ, ಹಿಡಿದಿಟ್ಟ ಹಗ್ಗ ಬಿಟ್ಟರೆ ಹಡಗು ಅವುಗಳ ಮೇಲೆ ಉರುಳುತ್ತ ನೀರಿಗೆ ಹೋಗುತ್ತದೆ. ಜಾರಿಸುವುದಾದರೆ ಒಂದು ಗಂಡಾಂತರದ ಕ್ಷಣವಿದೆ. ಹಿಂಭಾಗ ನೀರಿಗಿಳಿದು ತೇಲಲು ಶುರುವಾದಾಗ ಮುಂಭಾಗ ಇನ್ನೂ ನೆಲದ ಮೇಲಿರುತ್ತದೆ. ಅಷ್ಟೂ ಭಾರ ಆ ಒಂದು ತುದಿಗೆ ಬಂದು ಕೂರುತ್ತದೆ. ಆ ತುದಿ ಅದನ್ನು ತಡೆಯಬೇಕು. ನೀರಿನ ಆಳ ಸಾಕಾಗಬೇಕಾದ್ದರಿಂದ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರಕ್ಕೆ ಕಾಯುವುದು ಜಾರಿಸುವವರ ರೂಢಿ. ಪಂಚಾಂಗವನ್ನು ಎಂಜಿನಿಯರುಗಳೂ ನೋಡುತ್ತಾರೆಂದು ಮೀನುಗಾರರು ನಗಬಹುದು.

ನೀರಿಗಿಳಿದ ಹಡಗು ಮುಗಿದ ಹಡಗಲ್ಲ. ಗೃಹಪ್ರವೇಶವಾಗಿ, ಕರೆಂಟು, ನಲ್ಲಿ, ಬಾಗಿಲು ಇನ್ನೂ ಬರಬೇಕಾದ ಮನೆ. ಕಿಲೋಮೀಟರ್‌ಗಟ್ಟಲೆ ಕೇಬಲ್, ನೂರಾರು ಪೈಪು, ಸಿಬ್ಬಂದಿಯ ಮಲಗುವ ಕೋಣೆ, ಅಡುಗೆಮನೆ, ರಾಡಾರ್ ಎಲ್ಲ ದಕ್ಕೆಯಲ್ಲಿ ಕಟ್ಟಿ ನಿಲ್ಲಿಸಿಯೇ ಕೂರಿಸುವುದು. ಟಗ್ಗಿನಲ್ಲಿ ಇಲ್ಲೇ ಜಗಳ. ಮಲ್ಪೆಯಲ್ಲಿ ಕಟ್ಟುವ ದೊಡ್ಡ ಟಗ್‌ಗಳು ಸುಮಾರು 33 ಮೀಟರ್ ಉದ್ದ, 12 ಮೀಟರ್ ಅಗಲ. ಅಂದರೆ ಉದ್ದ ಅಗಲದ ಮೂರು ಪಟ್ಟಿಗೂ ಕಡಿಮೆ, ಬೋಗುಣಿಯಂಥ ಆಕಾರ. ಅದರೊಳಗೆ ಒಟ್ಟು ಐದು ಸಾವಿರ ಅಶ್ವಶಕ್ತಿಯ ಆಸುಪಾಸಿನ ಎರಡು ಎಂಜಿನ್. ಇಪ್ಪತ್ತೈದು ಬಸ್ಸುಗಳ ಶಕ್ತಿ ಒಂದೇ ಕೋಣೆಯಲ್ಲಿ. ಪೈಪ್ ಫಿಟ್ಟರ್, ಎಲೆಕ್ಟ್ರಿಷಿಯನ್, ಪೇಂಟರ್ ಮೂವರಿಗೂ ಒಂದೇ ಮೂಲೆಯಲ್ಲಿ ಕೆಲಸ, ನಿಲ್ಲಲು ಜಾಗ ಒಬ್ಬರಿಗೆ.

ಎಂಜಿನ್ನಿನಿಂದ ಬಂದ ದಂಡ ಅಡ್ಡಕ್ಕೆ ಸಾಗಿ, ಗೇರಿನ ಮೂಲಕ ನೇರ ಕೆಳಗಿಳಿದು, ಮತ್ತೆ ಅಡ್ಡಕ್ಕೆ ತಿರುಗಿ ಪ್ರೊಪೆಲ್ಲರ್ ತಿರುಗಿಸುತ್ತದೆ. ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ಕಾಣುವುದರಿಂದ ಇದು ಝಡ್ ಡ್ರೈವ್. ಲಾಭವೇನೆಂದರೆ ಕೆಳಗಿನ ಇಡೀ ತಲೆ, ಪ್ರೊಪೆಲ್ಲರ್ ಸಮೇತ, ಸುತ್ತಲೂ 360 ಡಿಗ್ರಿ ತಿರುಗುತ್ತದೆ. ಹಿಂಭಾಗದಲ್ಲಿ ಇಂಥವು ಎರಡು. ಚುಕ್ಕಾಣಿಯೇ ಬೇಡ. ಎರಡನ್ನೂ ಹಿಂದಕ್ಕೆ ತಿರುಗಿಸಿದರೆ ಮುಂದೆ ಓಡುತ್ತದೆ, ಒಂದನ್ನು ಹೀಗೆ ಒಂದನ್ನು ಹಾಗೆ ಇಟ್ಟರೆ ನಿಂತಲ್ಲೇ ಬುಗುರಿಯಾಗುತ್ತದೆ, ಏಡಿಯಂತೆ ಅಡ್ಡಡ್ಡ ನಡೆಯುವುದೂ ಸಾಧ್ಯ. ಪ್ರೊಪೆಲ್ಲರಿನ ಸುತ್ತ ಬಳೆಯಂತೆ ಒಂದು ಉಕ್ಕಿನ ಕವಚವಿರುತ್ತದೆ. ಕಡಿಮೆ ವೇಗದಲ್ಲಿ ಹೆಚ್ಚು ಎಳೆತ ಸಿಗುವುದು ಅದರಿಂದ. ಓಡುವುದಕ್ಕೆ ಹುಟ್ಟಿದ ದೋಣಿಗೆ ಇದು ಹೊರೆ. ಒತ್ತುವುದಕ್ಕೆ ಹುಟ್ಟಿದ ಟಗ್ಗಿಗೆ ವರ.

ಒಪ್ಪಿಸುವ ಮುಂಚೆ ಎರಡು ಪರೀಕ್ಷೆ ನೋಡುವಂಥವು. ಮೊದಲನೆಯದು ವಾಲಿಸಿ ನೋಡುವುದು. ಹಡಗಿನ ಭಾರದ ಕೇಂದ್ರ ಎಷ್ಟು ಎತ್ತರದಲ್ಲಿದೆಯೆಂದು ನಕ್ಷೆಯಿಂದ ಅಂದಾಜು ಮಾಡಬಹುದು, ಆದರೆ ಬೆಸುಗೆ, ಬಣ್ಣ, ಕೇಬಲ್ಲು, ಕೊನೆ ಗಳಿಗೆಯಲ್ಲಿ ಸೇರಿಸಿದ ಬ್ರಾಕೆಟ್ಟು ಎಲ್ಲದರ ತೂಕ ಯಾರೂ ಬರೆದಿಟ್ಟಿರುವುದಿಲ್ಲ. ಗಾಳಿ ಇಲ್ಲದ ಹೊತ್ತಿನಲ್ಲಿ ಹಡಗನ್ನು ಸಡಿಲವಾಗಿ ಕಟ್ಟಿ, ತೂಕ ಗೊತ್ತಿರುವ ಕಬ್ಬಿಣದ ಗಟ್ಟಿಗಳನ್ನು ಡೆಕ್ಕಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಾರೆ. ಒಳಗೆ ಉದ್ದನೆಯ ದಾರಕ್ಕೆ ಕಟ್ಟಿದ ತೂಗುಗುಂಡು, ಅದು ಅಲುಗಾಡದಂತೆ ಎಣ್ಣೆಯ ಬಕೆಟ್ಟಿನಲ್ಲಿ ಅದ್ದಿರುತ್ತದೆ. ಹಡಗು ಎಷ್ಟು ವಾಲಿತೆಂದು ದಾರ ಸರಿದ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಹಡಗಿನಲ್ಲಿದ್ದವರು ಹೇಳಿದ ಜಾಗ ಬಿಟ್ಟು ಕದಲುವಂತಿಲ್ಲ. ಒಬ್ಬ ಚಹಾ ಕುಡಿಯಲು ಆ ಬದಿಗೆ ಹೋದರೂ ಲೆಕ್ಕ ಕೆಡುತ್ತದೆ. ಕೋಟಿಗಟ್ಟಲೆ ಬೆಲೆಯ ಹಡಗು ಮಗುಚದೆಂಬ ಭರವಸೆ ಒಂದು ದಾರ, ಒಂದು ಬಕೆಟ್ಟಿನಿಂದ ಬರುವುದು ನನಗಂತೂ ಬೆರಗು.

ಎರಡನೆಯದು ಎಳೆತದ ಪರೀಕ್ಷೆ, ಬೊಲ್ಲಾರ್ಡ್ ಪುಲ್. ದಕ್ಕೆಯಲ್ಲಿ ಹಗ್ಗ ಕಟ್ಟುವ ಉಕ್ಕಿನ ಗೂಟ ಬೊಲ್ಲಾರ್ಡ್. ಟಗ್ಗಿನಿಂದ ಅದಕ್ಕೆ ಉದ್ದ ಹಗ್ಗ ಕಟ್ಟಿ, ನಡುವೆ ಭಾರ ಅಳೆಯುವ ಯಂತ್ರ ಸೇರಿಸಿ, ಎಂಜಿನ್ ಪೂರ್ತಿ ಕೊಡುತ್ತಾರೆ. ಹಗ್ಗ ಗಿಡ್ಡವಿದ್ದರೆ ಪ್ರೊಪೆಲ್ಲರ್ ತಳ್ಳಿದ ನೀರು ಗೋಡೆಗೆ ಬಡಿದು ವಾಪಸ್ ಬಂದು ಅಳತೆ ಸುಳ್ಳಾಗುತ್ತದೆ. ಆಳ ಸಾಲದಿದ್ದರೂ ಹಾಗೆಯೇ. ಒಂದು ಕ್ಷಣದ ಜಗ್ಗಾಟಕ್ಕೆ ಬೆಲೆಯಿಲ್ಲ, ನಿಮಿಷಗಟ್ಟಲೆ ನಿಂತ ಎಳೆತವೇ ಲೆಕ್ಕ. ಓಶನ್ ಸ್ಪಾರ್ಕಲ್ ಕಂಪನಿಗೆಂದು ಮಲ್ಪೆಯಲ್ಲಿ ಕಟ್ಟಿದ ‘ಓಶನ್ ಗ್ರೇಸ್’ 60 ಟನ್ ವರ್ಗದ್ದು. ಆಮೇಲೆ 70 ಟನ್ನಿನವಕ್ಕೂ ಆರ್ಡರ್ ಬಂತು. 60 ಟನ್ ಎಂದರೆ ಸರಕು ತುಂಬಿದ ಎರಡು ಹತ್ತು ಚಕ್ರದ ಲಾರಿಗಳನ್ನು ಹಗ್ಗಕ್ಕೆ ನೇತುಹಾಕಿದಷ್ಟು. ಅಷ್ಟು ಬಿಗಿದ ಹಗ್ಗ ಹರಿದರೆ ಚಾಟಿಯಂತೆ ಬೀಸುತ್ತದೆ, ಅದರ ದಾರಿಯಲ್ಲಿ ನಿಂತವನು ಉಳಿಯುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಪತ್ರಿಕೆಗಳಲ್ಲಿ ಹಡಗಿನ ‘ಟನ್’ ಎಂದು ಬಂದಾಗಲೆಲ್ಲ ಅದು ಒಂದೇ ಟನ್ ಅಲ್ಲ. ಟಗ್ಗಿನ 60 ಟನ್ ಎಳೆತ. ವಿಕ್ರಾಂತ್‌ನ ಸುಮಾರು 45,000 ಟನ್ ಎಂದರೆ ಅದು ಪಕ್ಕಕ್ಕೆ ಸರಿಸುವ ನೀರಿನ ತೂಕ, ಅಂದರೆ ಹಡಗಿನದೇ ಒಟ್ಟು ತೂಕ. ಸರಕು ಹಡಗಿನದ್ದು ಹೇಳುವಾಗ ಹೊರುವ ತೂಕ: ಸರಕು, ಎಣ್ಣೆ, ಕುಡಿಯುವ ನೀರು, ಜನ ಎಲ್ಲ ಸೇರಿ. ಇನ್ನು ಗ್ರಾಸ್ ಟನ್ ಎಂಬುದು ತೂಕವೇ ಅಲ್ಲ, ಒಳಗಿನ ಜಾಗದ ಅಳತೆ. ಒಂದು ಬಗೆಯ ಟನ್ನನ್ನು ಇನ್ನೊಂದಕ್ಕೆ ಹೋಲಿಸಿ ‘ಅದಕ್ಕಿಂತ ಹತ್ತು ಪಟ್ಟು ದೊಡ್ಡದು’ ಎಂದು ಬರೆಯುವ ವರದಿಗಳಿಗೆ ಕೊರತೆಯಿಲ್ಲ.

ಮಲ್ಪೆಯ ಸರಕು ಹಡಗುಗಳನ್ನು ಹೇಳುವುದು ಹೊರುವ ತೂಕದಲ್ಲೇ. ನಾರ್ವೆಯ ವಿಲ್ಸನ್ ಎಂಬ ಕಂಪನಿ 2023ರಲ್ಲಿ 3,800 ಟನ್ನಿನ ಆರು ಹಡಗುಗಳಿಗೆ ಇಲ್ಲಿ ಒಪ್ಪಂದ ಮಾಡಿಕೊಂಡಿತು. ಮರುವರ್ಷ 6,300 ಟನ್ನಿನವಕ್ಕೂ. ವಿನ್ಯಾಸ ನೆದರ್ಲೆಂಡ್ಸಿನ ಕೋನೋಶಿಪ್‌ನದು. ಸಣ್ಣವು ಸುಮಾರು 90 ಮೀಟರ್ ಉದ್ದ, 200 ಲಾರಿಗಳ ಸರಕನ್ನು ಒಮ್ಮೆಗೆ ಹೊರುವಂಥವು. ಯುರೋಪಿನಲ್ಲಿ ಧಾನ್ಯ, ಮರ, ಉಕ್ಕು ಇಂಥವನ್ನು ಕರಾವಳಿಗುಂಟ ಒಂದು ಸಣ್ಣ ಬಂದರಿನಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ಇಂಥವುಗಳದ್ದು. ಇವು ಡೀಸೆಲ್-ಎಲೆಕ್ಟ್ರಿಕ್: ಎಂಜಿನ್ ನೇರವಾಗಿ ಪ್ರೊಪೆಲ್ಲರ್ ತಿರುಗಿಸುವುದಿಲ್ಲ, ಜನರೇಟರ್ ತಿರುಗಿಸಿ ಕರೆಂಟು ಮಾಡುತ್ತದೆ, ಮೋಟರು ಪ್ರೊಪೆಲ್ಲರ್ ತಿರುಗಿಸುತ್ತದೆ. ನಿಧಾನ ಹೋಗುವಾಗ ಒಂದೆರಡು ಜನರೇಟರ್ ಆರಿಸಬಹುದು. ಮುಂದೆ ಬ್ಯಾಟರಿ ಅಗ್ಗವಾದರೆ ಹಡಗು ಒಡೆಯದೆ ಅದನ್ನೂ ಸೇರಿಸಬಹುದು. ಮೂವತ್ತು ವರ್ಷ ಓಡಬೇಕಾದ ಹಡಗಿಗೆ ಯಾವ ಇಂಧನ ಉಳಿಯುತ್ತದೆಂದು ಇವತ್ತೇ ಪಣ ಕಟ್ಟಬೇಕಿಲ್ಲ.

ಇಷ್ಟು ದೂರದವರು ಮಲ್ಪೆಗೆ ಬರುವುದು ಬೀಚಿನ ಚಂದ ನೋಡಿಯಲ್ಲ. ಚೀನಾ, ದಕ್ಷಿಣ ಕೊರಿಯಾ, ಜಪಾನ್ ಮೂರೇ ಸೇರಿ, ಗ್ರಾಸ್ ಟನ್ ಲೆಕ್ಕದಲ್ಲಿ, ಜಗತ್ತಿನ ಹಡಗುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಟ್ಟುತ್ತವೆ. ಭಾರತದ ಪಾಲು ಒಂದಕ್ಕಿಂತ ಕಡಿಮೆ. ಆ ದೊಡ್ಡ ಯಾರ್ಡುಗಳು ದೈತ್ಯ ಕಂಟೇನರ್ ಹಡಗುಗಳಿಗೆ ಸಾಲು ಹಿಡಿದಿರುವಾಗ 90 ಮೀಟರಿನ ಹಡಗಿಗೆ ಬೇಕಾದ ದಿನಕ್ಕೆ ಜಾಗ ಸಿಗುವುದು ಸುಲಭವಲ್ಲ. ಸಣ್ಣ ಯಾರ್ಡಿಗೆ ಅದೇ ದೊಡ್ಡ ಕೆಲಸ. ಜೊತೆಗೆ ಕೇಂದ್ರದ ಸಹಾಯಧನವೂ ಇದೆ: 2016ರಿಂದ ಹತ್ತು ವರ್ಷದ ಯೋಜನೆಯಲ್ಲಿ ಹಡಗಿನ ಬೆಲೆಯ ನೂರಕ್ಕೆ 20ರಷ್ಟು ನೆರವಿನಿಂದ ಶುರುವಾಗಿ ಮೂರು ವರ್ಷಕ್ಕೊಮ್ಮೆ ನೂರಕ್ಕೆ 3ರಷ್ಟು ಇಳಿಯುತ್ತ ಬಂತು.

ಹಣದ ವಿಷಯದಲ್ಲಿ ಈ ಉದ್ಯಮ ಮನೆ ಕಟ್ಟುವ ಗುತ್ತಿಗೆಯನ್ನು ಹೋಲುತ್ತದೆ. ಸಹಿ ಹಾಕಿದಾಗ ಇಷ್ಟು, ಉಕ್ಕು ಕತ್ತರಿಸಿದಾಗ ಇಷ್ಟು, ಕೀಲ್ ಇಟ್ಟಾಗ, ನೀರಿಗಿಳಿಸಿದಾಗ, ಒಪ್ಪಿಸಿದಾಗ ಎಂದು ಕಂತು. ಕೊಟ್ಟ ಕಂತು ಮುಳುಗದಂತೆ ಯಾರ್ಡಿನ ಪರವಾಗಿ ಬ್ಯಾಂಕು ಗ್ಯಾರಂಟಿ ನಿಲ್ಲಬೇಕು. ಗ್ಯಾರಂಟಿ ಕೊಡುವ ಬ್ಯಾಂಕಿಲ್ಲದ ಯಾರ್ಡಿಗೆ ಎಷ್ಟೇ ಒಳ್ಳೆಯ ವೆಲ್ಡರುಗಳಿದ್ದರೂ ಆರ್ಡರ್ ಬಾರದು. ಕಂತು ನಡುವೆಯೇ ನಿಂತರೂ ಕಷ್ಟವೇ: 2014ರಲ್ಲಿ ಕಚ್ಚಾತೈಲದ ಬೆಲೆ ಕುಸಿದಾಗ ಸಮುದ್ರದ ತೈಲ ಬಾವಿಗಳಿಗೆ ಸಾಮಾನು ಒಯ್ಯುವ ಹಡಗುಗಳಿಗೆ ಬೇಡಿಕೆ ಇಳಿಯಿತು. ಅರ್ಧ ಕಟ್ಟಿದ ಹಡಗನ್ನು ಕೊಳ್ಳುವವನು ಕೈಬಿಟ್ಟರೆ ಅದು ಗೋದಾಮಿನಲ್ಲಿಡುವ ಸರಕಲ್ಲ; ಇರುವ ಒಂದೇ ಜಾಗ ಹಿಡಿದು ಕೂತು ಮುಂದಿನ ಹಡಗಿಗೂ ದಾರಿ ಮುಚ್ಚುತ್ತದೆ, ಸಾಲದ ಬಡ್ಡಿ ಮಾತ್ರ ಬೆಳೆಯುತ್ತದೆ. ಸರ್ಕಾರಿ ತಾಯಿ ಕಂಪನಿ ಬಂದದ್ದರಿಂದ ಮಲ್ಪೆಗೆ ಸಿಕ್ಕ ದೊಡ್ಡ ಆಸ್ತಿ ಕ್ರೇನೂ ಅಲ್ಲ, ಶೆಡ್ಡೂ ಅಲ್ಲ. ಬ್ಯಾಂಕು ನಂಬುವ ಒಂದು ಹೆಸರು.

ಕೊನೆಯ ದಿನ ಗದ್ದಲವಿಲ್ಲ. ಕಡಲಿನಲ್ಲಿ ಓಡಿಸಿ, ನಿಲ್ಲಿಸಿ, ಲಂಗರು ಇಳಿಸಿ ಏರಿಸಿ, ಬೆಂಕಿ ಪಂಪು ಚಾಲೂ ಮಾಡಿ ಎಲ್ಲ ನೋಡಿ ಆಗಿರುತ್ತದೆ. ಒಂದು ಮೇಜು, ಎರಡು ಕಡೆಯವರು, ಒಪ್ಪಿಗೆ ಪತ್ರ. ಅದರಲ್ಲಿ ದಿನಾಂಕದ ಪಕ್ಕ ಗಂಟೆ, ನಿಮಿಷವನ್ನೂ ಬರೆಯುತ್ತಾರೆ. ಆ ನಿಮಿಷದ ತನಕ ಹಡಗಿಗೆ ಏನಾದರೂ ಯಾರ್ಡಿನ ತಲೆಗೆ, ಆಮೇಲೆ ಒಡೆಯನ ತಲೆಗೆ. ಸಹಿ ಬಿದ್ದ ಮೇಲೆ ಯಾರ್ಡಿನ ಬಾವುಟ ಇಳಿಸಿ ಒಡೆಯನದನ್ನು ಏರಿಸುತ್ತಾರೆ. ಅಷ್ಟರಲ್ಲಿ ಶೆಡ್ಡಿನಲ್ಲಿ ಮುಂದಿನ ಹಡಗಿನ ಡೆಕ್ಕು, ನೆಲಕ್ಕೆ ಮುಖ ಮಾಡಿ, ಅರ್ಧ ಬೆಸೆದು ಬಿದ್ದಿರುತ್ತದೆ.